ಕುದುರೆ ಸವಾರನಿಗೆ ಎತ್ತಿದ ಆರತಿ

ಟೆಕ್ಸಸ್‌ನ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನಲ್ಲಿ ನನ್ನ ತಂಗಿಯ ಮನೆ ಇರುವ ಬೀದಿಗೆ ಸತ್ತುಹೋದ ಒಬ್ಬ ದೊಡ್ಡ ಮನುಷ್ಯನ ಹೆಸರಿಟ್ಟಿದ್ದಾರೆ. ಬೀದಿಯ ತುದಿಯಲ್ಲಿ, ಮಕ್ಕಳ ಜಾರುಬಂಡೆಯ ಪಕ್ಕ, ಅವನದೊಂದು ಲೋಹದ ಫಲಕವೂ ಇದೆ. ನೂರೈವತ್ತು ವರ್ಷಕ್ಕೂ ಹಿಂದೆ ಈ ನೆಲವೆಲ್ಲ ಅವನದಾಗಿತ್ತಂತೆ. ಸೈನಿಕ, ರೈತ, ರಾಜಕಾರಣಿ ಎಂದು ಫಲಕ ಹೇಳುತ್ತದೆ. ಒಬ್ಬನೇ ಮನುಷ್ಯ ಒಂದೇ ಜನ್ಮದಲ್ಲಿ ಮೂರು ಕೆಲಸ ಮಾಡಿದ ಎಂದರೆ ಅದರಲ್ಲಿ ಎರಡನ್ನಾದರೂ ಬೇರೆ ಯಾರೋ ಮಾಡಿರುತ್ತಾರೆ. ಅಡುಗೆಮನೆಯಲ್ಲಿ ಆಯುಸ್ಸು ಕಳೆದ ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಗೊತ್ತಿಲ್ಲದವಳ ಹಾಗೆ ನಟಿಸಿದೆ. ಆ ನಟನೆಗೆ ನನಗೆ ಬಹುಮಾನವೂ ಬಂತು. ಆ ಕಥೆಯನ್ನೇ ಈಗ ಹೇಳುವುದು.

ನಾನಿರುವುದು ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನಲ್ಲಿ. ನಮ್ಮ ಯಜಮಾನರು ಹ್ಯೂಸ್ಟನ್‌ನ ಒಂದು ದೇವಸ್ಥಾನದ ಅಡುಗೆ ಕೆಲಸಕ್ಕೆ ಬಂದವರು, ನಾನು ಅವರ ಹಿಂದೆ ಬಂದವಳು. ಸುತ್ತಲಿನ ಎಂಜಿನಿಯರುಗಳ ಮನೆಗೆ ಚಕ್ಕುಲಿ, ಕೋಡುಬಳೆ, ಒಬ್ಬಟ್ಟು ಮಾಡಿಕೊಡುತ್ತೇನೆ. ಓದಿದ್ದು ಏಳನೇ ಕ್ಲಾಸು. ತಂಗಿ ಹುಟ್ಟಿದ ವರ್ಷ ಅಮ್ಮನಿಗೆ ಹುಷಾರಿರಲಿಲ್ಲ. ಮಗು ನೋಡಿಕೊಳ್ಳುವುದಕ್ಕೆ ಯಾರಾದರೂ ಬೇಕಿತ್ತು, ನಾನು ಸ್ಕೂಲು ಬಿಟ್ಟೆ. ನಾನು ತೊಟ್ಟಿಲು ತೂಗಿದ ಆ ಮಗು ದೊಡ್ಡದಾಗಿ, ಎಂಜಿನಿಯರಿಂಗ್ ಓದಿ, ಆಸ್ಟಿನ್‌ನಲ್ಲಿ ಕೆಲಸ ಹಿಡಿಯಿತು. ಇದನ್ನು ನಾನು ಅವಳಿಗೆ ವರ್ಷಕ್ಕೆ ನಾಲ್ಕು ಸಲ ಮಾತ್ರ ನೆನಪಿಸುತ್ತೇನೆ. ಅಷ್ಟು ದೊಡ್ಡ ಮನಸ್ಸು ನನ್ನದು.

ನವರಾತ್ರಿಗೆ ಮಾತ್ರ ಹತ್ತು ದಿನ ತಂಗಿಯ ಮನೆಗೆ ಹೋಗಿ ಉಳಿಯುತ್ತೇನೆ. ನಮ್ಮದು ಮೈಸೂರು, ಗೊಂಬೆ ಕೂರಿಸುವ ಮನೆ. ಅಮ್ಮನ ಪಟ್ಟದ ಗೊಂಬೆಗಳು, ಆ ಮರದ ರಾಜ ರಾಣಿ, ತಂಗಿಯ ಹತ್ತಿರ ಇವೆ. ನನ್ನ ಮನೆಯಲ್ಲಿ ಮೆಟ್ಟಿಲು ಕಟ್ಟುವಷ್ಟು ಜಾಗವಿಲ್ಲ ಎಂದು ಅಮ್ಮನೇ ಹಾಗೆ ಹಂಚಿದ್ದು. ಜಾಗ ಅವಳದು, ಗೊಂಬೆ ಅವಳದು, ಸೆರಗು ಸಿಕ್ಕಿಸಿಕೊಂಡು ದುಡಿಯುವುದು ನನ್ನದು.

ಆ ವರ್ಷ ನಮ್ಮ ಕನ್ನಡ ಸಂಘದವರು ಮನೆಮನೆಯ ಗೊಂಬೆಗೆ ಸ್ಪರ್ಧೆ ಇಟ್ಟರು. ವಿಷಯ, ನಾವು ಕಾಲೂರಿದ ನೆಲ. ತೀರ್ಪುಗಾರರು ಎರಡನೇ ಭಾನುವಾರ ಮನೆಗೇ ಬರುತ್ತಾರೆ. ಬಹುಮಾನ ಬೆಳ್ಳಿಯ ಕುಂಕುಮದ ಭರಣಿ. ನೆಲ ಅಂದ ಕೂಡಲೇ ತಂಗಿಯ ಮಗಳು ಆ ಫಲಕದ ಮನುಷ್ಯನನ್ನು ಹಿಡಿದುಕೊಂಡಳು. ಅವಳು ಡಲ್ಲಾಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿ ಓದುತ್ತಾಳೆ, ಮೂರು ಜನರ ಜತೆ ಅಪಾರ್ಟ್‌ಮೆಂಟಿನಲ್ಲಿದ್ದಾಳೆ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನನ್ನ ಹತ್ತಿರ ಮಾತ್ರ ಕಷ್ಟಪಟ್ಟು ಕನ್ನಡ ಆಡುತ್ತಾಳೆ, ಯಾಕೆಂದರೆ ನನ್ನ ಇಂಗ್ಲಿಷು ಅವಳ ಕನ್ನಡಕ್ಕಿಂತ ಕಷ್ಟ.

ಮೊದಲ ಶನಿವಾರ ಬಂದು ಅವಳು ಒಂಬತ್ತು ಮೆಟ್ಟಿಲಿನಲ್ಲಿ ಅವನ ಇಡೀ ಜೀವನ ಕೂರಿಸಿದಳು. ಬಿಳೀ ಕುದುರೆಯ ಮೇಲೆ ಕತ್ತಿ ಹಿಡಿದ ಸೈನಿಕ. ಅಂಗಡಿಯ ಮುಂದೆ ಕೂರುವ ನಮ್ಮ ಬೊಜ್ಜಿನ ಶೆಟ್ಟಿ ಗೊಂಬೆಗೆ ಅಗಲ ಟೋಪಿ ಹಾಕಿ ರೈತನನ್ನಾಗಿ ಮಾಡಿದಳು. ಅದೇ ಸರಿಯಾಗಿತ್ತು. ಕರೀ ಕೋಟಿನ ರಾಜಕಾರಣಿ, ಹಿಂದೆ ರಟ್ಟಿನಲ್ಲಿ ಮಾಡಿದ ಆಸ್ಟಿನ್‌ನ ಗುಮ್ಮಟದ ಶಾಸನಸಭೆ ಕಟ್ಟಡ. ಆಮೇಲೆ ಕೆಳಗಿನ ಮೆಟ್ಟಿಲಿನಲ್ಲಿ ಹತ್ತಿ ಉದುರಿಸಿ, ಕೈಯಿಂದ ಹೊಲಿದ ಏಳು ಬಟ್ಟೆಯ ಗೊಂಬೆ ಇಟ್ಟಳು. ಕಂದು ಬಟ್ಟೆ, ಹೆಗಲಿಗೆ ಉದ್ದನೆ ಚೀಲ. ಮುಖದಲ್ಲಿ ಕಣ್ಣಿಲ್ಲ, ಮೂಗಿಲ್ಲ.

"ಇದೇನೇ, ಮುಖ ಬರೆಯೋದು ಮರೆತೆಯಾ?" ಅಂದೆ.

"ಮರೆತಿಲ್ಲ ದೊಡ್ಡಮ್ಮ. ಇವರ ಫೋಟೋ ಇಲ್ಲ. ಹೇಗಿದ್ದರು ಯಾರಿಗೂ ಗೊತ್ತಿಲ್ಲ. ಸುಮ್ಮನೆ ನಾನೇ ಮುಖ ಮಾಡಿದರೆ ಸುಳ್ಳು ಆಗುತ್ತೆ."

ಆ ಏಳು ಜನ ಅವನ ಹೊಲದ ಗುಲಾಮರು. ಇನ್ನೂ ಎಷ್ಟು ಜನ ಇದ್ದರೋ, ಹೆಸರು ಸಿಕ್ಕಿದ್ದು ಏಳು. ಹೆಸರು ಕೊಟ್ಟಿದ್ದು ಪಕ್ಕದ ಮನೆಯಾಕೆ. ಸ್ಕೂಲ್ ಬಸ್ ಓಡಿಸಿ ರಿಟೈರ್ ಆದ ಕರಿಯ ಹೆಂಗಸು. ಬೇಲಿಯ ಮೇಲಿಂದ ತಂಗಿಗೆ ಬೆಂಡೆಕಾಯಿ ಕೊಡುವಳು, ತಂಗಿ ಚಟ್ನಿಪುಡಿ ಕೊಡುವಳು, ಎಂಟು ವರ್ಷದ ಸ್ನೇಹ. ಆಕೆಯ ಮುತ್ತಜ್ಜಿಯ ತಾಯಿ ಇದೇ ಹೊಲದಲ್ಲಿ ಹತ್ತಿ ಬಿಡಿಸಿದವಳು. ಹುಡುಗಿ ಹೋಗಿ ಫಲಕದ ವಿಷಯ ಕೇಳಿದಾಗ ಆಕೆ, "ರೈತನಂತೆ! ಅವನ ಕೈಗೆ ಹತ್ತಿ ತಾಗಿದ್ದು ಅಂಗಿ ತೊಟ್ಟಾಗ ಮಾತ್ರ" ಅಂದಳಂತೆ. ಆಮೇಲೆ ಮನೆಯ ಹಳೇ ಕೌದಿಯೊಂದರಿಂದ ನೀಲಿ ಚೂರು ಕತ್ತರಿಸಿ ಕೊಟ್ಟಳು. ಅವಳ ಅಜ್ಜಿ ಹೊಲಿದ ಕೌದಿ. ಏಳರಲ್ಲಿ ಆ ಮುತ್ತಜ್ಜಿಯ ತಾಯಿಯ ಗೊಂಬೆಯ ತಲೆಗೆ ಹುಡುಗಿ ಆ ನೀಲಿ ಬಟ್ಟೆ ಕಟ್ಟಿದ್ದಳು. ಭಾನುವಾರ ಬಂದು ನೋಡುತ್ತೇನೆ ಅಂತ ಆಕೆ ಹೇಳಿದ್ದಳು.

ಬಂದವರಿಗೆ ಕಥೆ ಹೇಳುವ ಕೆಲಸ ನನ್ನದು. ತಂಗಿ ಕೂತು ಎರಡು ಪುಟ ಕನ್ನಡದಲ್ಲಿ ದುಂಡಗೆ ಬರೆದುಕೊಟ್ಟಳು. ಮೊದಲನೇ ಪುಟದಲ್ಲಿ ಸವಾರನ ವಿಷಯ. ಎರಡನೆಯದರಲ್ಲಿ ಆ ಏಳು ಜನರ ಹೆಸರು. ಅವರಿಗೆ ಅಕ್ಷರ ಕಲಿಯಗೊಡುತ್ತಿರಲಿಲ್ಲ ಎಂಬುದು. ಗುಲಾಮರಿಗೆ ಬಿಡುಗಡೆಯಾದ ಸುದ್ದಿ ಟೆಕ್ಸಸ್‌ಗೆ ಬಂದಿದ್ದೇ ಎರಡು ವರ್ಷಕ್ಕೂ ಮೀರಿ ತಡವಾಗಿ, ಬಂದ ಮೇಲೂ ಈ ಪುಣ್ಯಾತ್ಮ ಹತ್ತಿಯ ಫಸಲು ಮುಗಿಯುವ ತನಕ ಬಾಯಿ ಬಿಡಲಿಲ್ಲ ಎಂಬುದು. ಆಮೇಲೆ ಆಸ್ಟಿನ್‌ಗೆ ಹೋಗಿ, ಶಾಸನಸಭೆಯಲ್ಲಿ ಕೂತು, ಅದೇ ಜನ ಓಟು ಹಾಕದ ಹಾಗೆ ಕಾನೂನು ಮಾಡುವುದಕ್ಕೆ ಕೈ ಎತ್ತಿದ ಎಂಬುದು. ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದವರು ಮಾಡಿದ ಯುದ್ಧದಲ್ಲಿ ಅವನ ಶೌರ್ಯ ಏನೆಂದರೆ ಸಾಮಾನಿನ ಗಾಡಿ ಕಾಯುತ್ತಿದ್ದವನು ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದು. ಅದೂ ಎರಡನೇ ಪುಟದಲ್ಲೇ ಇತ್ತು.

ಎರಡು ಪುಟವನ್ನೂ ನಾನು ಓದಿದೆ. ಇದನ್ನು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಆಮೇಲೆ ಎಲ್ಲರೂ ನನ್ನ ಪರವಾಗಿ ಬೇರೆಯೇ ಹೇಳಿದರು.

ಶುಕ್ರವಾರ ಸಂಜೆ ಸಂಘದ ಒಬ್ಬ ಆಂಟಿ ಅರಿಶಿನ ಕುಂಕುಮಕ್ಕೆ ಬಂದರು. ಕೆಳಗಿನ ಮೆಟ್ಟಿಲಿನ ಹತ್ತಿರ ಬಗ್ಗಿ, "ಇದೇನ್ರೀ ಇವು, ಮುಖಾನೇ ಇಲ್ಲ! ಮನೆ ಕಟ್ಟೋವಾಗ ದೃಷ್ಟಿಗೆ ಕಟ್ತಾರಲ್ಲ, ಹಾಗಿವೆ" ಅಂದರು. "ಹಬ್ಬದ ದಿನ ಇಂಥದ್ದೆಲ್ಲ ಯಾಕೆ ಅಂತ. ಕುದುರೆ ಮಾತ್ರ ಎಷ್ಟು ಲಕ್ಷಣವಾಗಿದೆ! ನಿಮಗೇ ಫಸ್ಟ್ ಪ್ರೈಜು ಬರೋದು ನೋಡ್ತಾ ಇರಿ."

ಈ ಆಂಟಿ ತೀರ್ಪುಗಾರರಲ್ಲ. ತೀರ್ಪುಗಾರರ ನಾದಿನಿ. ನನಗೆ ಅಷ್ಟು ಸಾಕಾಯಿತು.

ಭಾನುವಾರ ಮಧ್ಯಾಹ್ನ ತಂಗಿ ಹೂವು ತರುವುದಕ್ಕೆ ಹೋದಳು. ಅವಳ ಗಂಡ ಹಿತ್ತಲಲ್ಲಿ ಕುರ್ಚಿ ಒರೆಸುತ್ತಿದ್ದರು. ನಾನು ಏಳು ಗೊಂಬೆಯನ್ನೂ ಎತ್ತಿ, ಸೂಜಿ ದಾರ ಇಡುವ ನೀಲಿ ಬಿಸ್ಕತ್ತಿನ ಡಬ್ಬದಲ್ಲಿ ಮಲಗಿಸಿ ಮುಚ್ಚಳ ಒತ್ತಿದೆ. ಡಬ್ಬವನ್ನು ನನ್ನ ಬಟ್ಟೆಯ ಬ್ಯಾಗಿನ ತಳಕ್ಕೆ ಇಟ್ಟೆ. ಖಾಲಿಯಾದ ಮೆಟ್ಟಿಲಿನ ಹತ್ತಿಯ ಮೇಲೆ ಚನ್ನಪಟ್ಟಣದ ಬಾತುಕೋಳಿ ಸಾಲಾಗಿ ನಿಲ್ಲಿಸಿದೆ. ಬಹಳ ಚೆನ್ನಾಗಿ ಕಂಡಿತು. ಹತ್ತಿ ಹೊಲದಲ್ಲಿ ಬಾತುಕೋಳಿ ಯಾಕೆ ಎಂದು ಆ ದಿನ ಒಬ್ಬ ಎಂಜಿನಿಯರೂ ಕೇಳಲಿಲ್ಲ.

ಹಿಂದಿನ ದಿನ ಬಂದು ಹೋಗಿದ್ದ ತಂಗಿಯ ಮಗಳು ಡಲ್ಲಾಸ್ ಕಡೆಯಿಂದ ಮತ್ತೆ ಡ್ರೈವ್ ಮಾಡಿಕೊಂಡು ಬರಬೇಕಿತ್ತು, ದಾರಿಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಹಾಕಿಕೊಂಡಳು. ತಂಗಿ ಅಡುಗೆಮನೆಯಲ್ಲಿ ಉಸಲಿಗೆ ಒಗ್ಗರಣೆ ಹಾಕುತ್ತಿದ್ದಳು. ನಡುಮನೆ ತುಂಬ ರೇಷ್ಮೆ ಸೀರೆ. ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದಳು. ಹಳದಿ ಉಡುಪು, ಅದಕ್ಕೆ ಹೊಂದುವ ಹ್ಯಾಟು, ಕೈಯಲ್ಲಿ ಗಾಜಿನ ತಟ್ಟೆಯಲ್ಲಿ ತಾನೇ ಮಾಡಿದ ಪೆಕಾನ್ ಬೀಜದ ಕಡುಬಿನಂಥ ಸಿಹಿ. ಚರ್ಚಿಗೆ ಹೋಗುವವರ ಹಾಗೆ ಸಿಂಗರಿಸಿಕೊಂಡು ಬಂದಿದ್ದಳು. ಮುಂದಿನ ಸಾಲಿನಲ್ಲೇ ಕೂರಿಸಿದೆವು.

ನಾನು ಶುರು ಮಾಡಿದೆ. ಹರಿಕಥೆ ಕೇಳಿ ಬೆಳೆದವಳು, ಎಲ್ಲಿ ದನಿ ಏರಿಸಬೇಕು ಎಲ್ಲಿ ಇಳಿಸಬೇಕು ಗೊತ್ತು. ಸವಾರ ರಣರಂಗದಲ್ಲಿ ಶತ್ರುಗಳ ನಡುವೆ ನುಗ್ಗಿದ. ಕಾಲಿಗೆ ಗಾಯವಾದರೂ ಕತ್ತಿ ಬಿಡಲಿಲ್ಲ. ಊರಿಗೆ ಬಂದು ತನ್ನ ಕೈಯಾರೆ ಉತ್ತು ಬಿತ್ತಿ ಈ ಕಪ್ಪು ನೆಲದಲ್ಲಿ ಬಿಳೀ ಬಂಗಾರ ಬೆಳೆದ. ಜನರೇ ಬಂದು ಕಾಲು ಹಿಡಿದು ಆಸ್ಟಿನ್‌ಗೆ ಕಳಿಸಿದರು. ತಂಗಿಯ ಗಂಡ ಧಾರವಾಡದವರು, ಒಳ್ಳೆಯ ಮನುಷ್ಯ. ಪಕ್ಕದ ಮನೆಯಾಕೆಗೆ ಒಂದೊಂದೇ ವಾಕ್ಯ ಇಂಗ್ಲಿಷಿನಲ್ಲಿ ಹೇಳುತ್ತಾ ಬಂದರು. "ತನ್ನ ಕೈಯಾರೆ" ಎಂಬಲ್ಲಿ ಅವರು ಇಂಗ್ಲಿಷು ನಿಲ್ಲಿಸಿದರು. ನನ್ನ ಕಡೆ ತಿರುಗಿ, "ಅಕ್ಕಾರ, ಬರೆದದ್ದು ಹಿಂಗ ಇರಲಿಲ್ಲಲ್ರಿ?" ಅಂದರು.

"ನೀವು ಹೇಳಿ, ಸುಮ್ಮನೆ" ಅಂದೆ.

ಪಕ್ಕದ ಮನೆಯಾಕೆಯ ಕಣ್ಣು ಸವಾರನ ಮೇಲೆ ನಿಲ್ಲಲಿಲ್ಲ. ಮೇಲಿನ ಮೆಟ್ಟಿಲಿನಿಂದ ಕೆಳಗಿನ ತನಕ ಒಂದೊಂದೇ ಗೊಂಬೆ ನೋಡಿಕೊಂಡು ಬಂದಳು. ಮತ್ತೆ ಮೇಲೆ ಹೋಗಿ ಮತ್ತೆ ಕೆಳಗೆ ಬಂದಳು. ಬಾತುಕೋಳಿಗಳ ಹತ್ತಿರ ಕಣ್ಣು ನಿಂತಿತು. ತಂಗಿ ಉಸಲಿಯ ಪಾತ್ರೆ ಹಿಡಿದು ಹೊರಗೆ ಬಂದಾಗ, ಮೆಲ್ಲಗೆ, ಅವಳಿಗೂ ನನಗೂ ಮಾತ್ರ ಕೇಳಿಸುವ ಹಾಗೆ, "ನಮ್ಮವಳು ಎಲ್ಲಿ?" ಅಂದಳು.

ತಂಗಿ ಮೆಟ್ಟಿಲು ನೋಡಿದಳು.

"ಅಕ್ಕ, ಆ ಏಳು ಗೊಂಬೆ ಎಲ್ಲಿ ಹೋದವು?"

"ನನಗೇನು ಗೊತ್ತು? ಹೂವು ತರೋಕೆ ಹೋಗೋ ಮೊದಲು ನೀನು ನೋಡಿದ್ದೆಯಾ?"

"ನಾನು ಈ ಕಡೆ ಬರಲೇ ಇಲ್ಲ ಇವತ್ತು."

"ಮತ್ತೆ? ನಿನ್ನೆ ಬಂದಿದ್ದಾಗ ನಿನ್ನ ಮಗಳು ಸರಿಮಾಡ್ತೀನಿ ಅಂತ ಡಲ್ಲಾಸಿಗೆ ತಗೊಂಡು ಹೋಗಿರಬೇಕು. ಅವಳ ಮರೆವು ನಿನಗೆ ಗೊತ್ತಲ್ಲ."

ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು ಎಂದರೆ ನನಗೇ ಮೆಚ್ಚಿಗೆಯಾಯಿತು. ಆಸ್ಟಿನ್‌ನ ಆ ಗುಮ್ಮಟದ ಕೆಳಗೆ ನನಗೂ ಒಂದು ಕುರ್ಚಿ ಹಾಕಬಹುದಿತ್ತು. ಆಮೇಲೆ ಆರತಿ. ತಟ್ಟೆ ಹಿಡಿದವಳು ನಾನೇ. ಪಟ್ಟದ ಗೊಂಬೆಗೆ ಎತ್ತಿ ನಿಲ್ಲಿಸಬಹುದಿತ್ತು, ಆದರೆ ತೀರ್ಪುಗಾರರು ಸವಾರನ ಹತ್ತಿರ ನಿಂತಿದ್ದರು. ಅವನಿಗೂ ಎತ್ತಿದೆ. ಹಾಡಿ, ಮೂರು ಸುತ್ತು. ಬೆಳಗಿ ತಿರುಗುವಷ್ಟರಲ್ಲಿ ಹಳದಿ ಉಡುಪಿನ ಕುರ್ಚಿ ಖಾಲಿಯಾಗಿತ್ತು. ಆಕೆ ಕುಂಕುಮ ತೆಗೆದುಕೊಳ್ಳಲಿಲ್ಲ, ತಾಂಬೂಲ ತೆಗೆದುಕೊಳ್ಳಲಿಲ್ಲ. ಗಾಜಿನ ತಟ್ಟೆ ಊಟದ ಮೇಜಿನ ಮೇಲೆ ಹಾಗೇ ಇತ್ತು.

ಒಂದು ಗಂಟೆ ಕಳೆದು ಹುಡುಗಿ ಬಂದಳು. ತಂಗಿ ಬಾಗಿಲಲ್ಲೇ ಹಿಡಿದುಕೊಂಡು ಬೈದಳು. ಅಷ್ಟು ನಂಬಿ ಬಟ್ಟೆ ಕತ್ತರಿಸಿ ಕೊಟ್ಟವಳ ಮರ್ಯಾದೆ ಕಳೆದೆಯಲ್ಲ, ಆಗಲ್ಲ ಅಂದರೆ ಒಪ್ಪಿಕೊಳ್ಳಬಾರದಿತ್ತು, ನಿನಗೆ ಎಲ್ಲಾ ಆಟ. ಹುಡುಗಿ ನಾನು ಇಟ್ಟಿದ್ದೆ, ನಾನು ಇಟ್ಟಿದ್ದೆ ಎಂದು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿ, ಮೂರನೇ ಸಲ ಹೇಳುವ ಬದಲು ನನ್ನ ಮುಖ ನೋಡಿದಳು. ನಾನು ಉಸಲಿ ಬಡಿಸುತ್ತಿದ್ದೆ. ಯಾರಿಗೂ ಕಡಿಮೆಯಾಗದ ಹಾಗೆ, ಬಹಳ ಶ್ರದ್ಧೆಯಿಂದ.

ರಾತ್ರಿಯ ಊಟಕ್ಕೆ ಅವಳು ನಿಲ್ಲಲಿಲ್ಲ. ತಂಗಿಯ ಗಂಡ ಮಾತ್ರ ಕಥೆಯ ವಿಷಯ ಮತ್ತೆ ಎತ್ತಿದರು. ಅದಕ್ಕೆ ತಂಗಿ, "ಅಕ್ಕನಿಗೆ ಪಾಪ ಓದೋದು ಕಷ್ಟ. ಎರಡನೇ ಪುಟ ಅರ್ಥ ಆಗಿರಲ್ಲ" ಅಂದಳು. ನಾನು ತಲೆ ತಗ್ಗಿಸಿ ಕೂತೆ. ಸ್ಕೂಲು ಬಿಟ್ಟಿದ್ದು ನನಗೆ ಜೀವನದಲ್ಲಿ ಉಪಯೋಗಕ್ಕೆ ಬಂದಿದ್ದು ಆ ಒಂದು ಸಲ.

ನಮಗೆ ಎರಡನೇ ಬಹುಮಾನ ಬಂತು. ಮೊದಲನೆಯದು ನಾಸಾ ರಾಕೆಟ್ ಕೂರಿಸಿದವರಿಗೆ ಹೋಯಿತು. ಎರಡನೆಯದೂ ಭರಣಿಯೇ, ಸ್ವಲ್ಪ ಚಿಕ್ಕದು. ತಂಗಿ ಅದನ್ನು ನನ್ನ ಕೈಗೇ ಕೊಟ್ಟಳು. "ದುಡಿದವಳು ನೀನು ಅಕ್ಕ" ಅಂದಳು.

ವಿಜಯದಶಮಿಯ ಸಂಜೆ ಗೊಂಬೆಗಳನ್ನು ಮಲಗಿಸುವಾಗ ಡಬ್ಬ ತೆಗೆದು ಇಟ್ಟುಬಿಡೋಣ ಅಂದುಕೊಂಡೆ. ಮೆಟ್ಟಿಲಿನ ಹಿಂದೆ ಬಿದ್ದಿದ್ದವು ಅಂದರೆ ಮುಗಿಯುತ್ತಿತ್ತು. ಆದರೆ ಮೆಟ್ಟಿಲಿನ ಹಿಂದೆಲ್ಲ ತಂಗಿ ಆಗಲೇ ಎರಡು ಸಲ ಹುಡುಕಿದ್ದಳು. ಹೀಗೆ ಏಳು ಜನರೂ ನನ್ನ ಬ್ಯಾಗಿನಲ್ಲಿ ಕೇಟಿಗೆ ಬಂದರು. ಕಪಾಟಿನಲ್ಲಿ ಭರಣಿ, ಭರಣಿಯ ಹಿಂದೆ ಡಬ್ಬ. ಇವತ್ತು ಫೋನ್ ಮಾಡಿ ಹೇಳುತ್ತೇನೆ ಅಂದುಕೊಳ್ಳುವುದು. ದೀಪಾವಳಿಯ ಆರ್ಡರ್ ಮುಗಿಯಲಿ ಅನ್ನುವುದು. ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿಯಲಿ ಅನ್ನುವುದು. ಫಸಲು ಮನೆಗೆ ಬರುವ ತನಕ ಬಾಯಿ ಬಿಡದ ಆ ಮನುಷ್ಯನನ್ನು ನಾನು ಆಗ ಚೆನ್ನಾಗಿ ಅರ್ಥ ಮಾಡಿಕೊಂಡೆ. ತಂಗಿಯ ಮನೆಗೆ ಬೇಲಿಯ ಮೇಲಿಂದ ಬೆಂಡೆಕಾಯಿ ಬರುವುದು ನಿಂತಿತ್ತು. ಹುಡುಗಿ ಅಮ್ಮನಿಗೆ ಫೋನ್ ಮಾಡುವುದೂ ಹತ್ತು ಸಲದ ಜಾಗದಲ್ಲಿ ಒಂದಾಗಿತ್ತು.

ಯುಗಾದಿಯ ಹೊತ್ತಿಗೆ ತಂಗಿಯೇ ಫೋನ್ ಮಾಡಿದಳು.

"ಅಕ್ಕ, ಪಕ್ಕದ ಮನೆಯವರು ಮನೆ ಮಾರಿದ್ದಾರೆ. ಶನಿವಾರ ಡಲ್ಲಾಸಿಗೆ, ತಮ್ಮ ಮಗಳ ಮನೆಗೆ ಶಿಫ್ಟ್ ಆಗ್ತಾರೆ. ನಿನ್ನೆ ಕೇಳಿದರು, ಗೊಂಬೆ ಬೇಡ, ಆ ನೀಲಿ ಬಟ್ಟೆ ಏನಾದರೂ ಸಿಕ್ಕಿತಾ ಅಂತ. ಏನು ಹೇಳಲಿ ಹೇಳು? ಅವರ ಗಾಜಿನ ತಟ್ಟೆ ಬೇರೆ ನನ್ನ ಹತ್ತಿರವೇ ಇದೆ. ಬರಿದೇ ಹೇಗೆ ಕೊಡೋದು, ಏನಾದರೂ ತುಂಬಿ ಕೊಡೋಣ ಅಂತಾನೇ ಇಷ್ಟು ತಿಂಗಳಾಯ್ತು. ಏನು ತುಂಬಿದರೂ ಅವರ ಮುಖ ನೋಡೋಕೆ ಧೈರ್ಯ ಇಲ್ಲ."

"ತಟ್ಟೆ ಕೊಡಬೇಡ. ನಾನು ಬರ್ತೀನಿ" ಅಂದೆ.

ಶನಿವಾರ ಬೆಳಗ್ಗೆ ನಮ್ಮ ಯಜಮಾನರು ಕಾರಿನಲ್ಲಿ ಕರೆದುಕೊಂಡು ಹೊರಟರು. ಡಬ್ಬ ನನ್ನ ತೊಡೆಯ ಮೇಲೆ.

"ಚಕ್ಕುಲಿನಾ?" ಅಂದರು.

"ಅಲ್ಲ."

"ಕೋಡುಬಳೆ?"

"ರಸ್ತೆ ನೋಡಿಕೊಂಡು ಓಡಿಸಿ."

ಅರ್ಧ ದಾರಿಯಲ್ಲಿ ಅವರಿಗೆ ಎಲ್ಲಾ ಹೇಳಿದೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ, "ಬಾತುಕೋಳಿ ಇಡಬಾರದಿತ್ತು" ಅಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನಗೆ ಕೊಟ್ಟ ಏಕೈಕ ತೀರ್ಪು.

ಪಕ್ಕದ ಮನೆಯ ಮುಂದೆ ದೊಡ್ಡ ಟ್ರಕ್ಕು ನಿಂತಿತ್ತು. ಸಾಮಾನು ಹೊರುತ್ತಿದ್ದವರಲ್ಲಿ ನಮ್ಮ ಹುಡುಗಿಯೂ ಇದ್ದಳು. ನಾಲ್ಕು ತಿಂಗಳಿಂದ ಅಮ್ಮನ ಮನೆಗೆ ಬರದವಳು ಇಲ್ಲಿ ಬಂದು ನಡುಮನೆಯಲ್ಲಿ ಇಡುವ ದೀಪದ ಕಂಬ ಹೊರುತ್ತಿದ್ದಳು. ನಾನು ತಂಗಿಯ ಮನೆಗೆ ಹೋಗಿ, ಏನೂ ಹೇಳದೆ ಅಡುಗೆಮನೆಯಿಂದ ಗಾಜಿನ ತಟ್ಟೆ ತೆಗೆದೆ. ಡಬ್ಬ ಬಿಚ್ಚಿ ಏಳು ಗೊಂಬೆಯನ್ನೂ ಅದರಲ್ಲಿ ಸಾಲಾಗಿ ಮಲಗಿಸಿದೆ. ತಂಗಿ ನೋಡುತ್ತಾ ನಿಂತಿದ್ದಳು. ಮೊದಲು ಗೊಂಬೆ ನೋಡಿದಳು, ಆಮೇಲೆ ಡಬ್ಬ ನೋಡಿದಳು, ಆಮೇಲೆ ನನ್ನನ್ನು.

"ಎರಡನೇ ಪುಟ ನನಗೆ ಅರ್ಥ ಆಗಿತ್ತು" ಅಂದೆ.

ಅವಳು ಏನೂ ಅನ್ನಲಿಲ್ಲ. ಅನ್ನಬೇಕಾಗಿತ್ತು. ನಾನು ತೂಗಿದ ತೊಟ್ಟಿಲಿನ ಸಾಲ ಅವಳ ಬಾಯಿ ಕಟ್ಟಿತ್ತೋ ಏನೋ. ಅಷ್ಟು ವರ್ಷ ವರ್ಷಕ್ಕೆ ನಾಲ್ಕು ಸಲ ನೆನಪಿಸಿದ್ದು ವ್ಯರ್ಥವಾಗಿರಲಿಲ್ಲ ನೋಡಿ.

ತಟ್ಟೆ ಹಿಡಿದು ಪಕ್ಕದ ಮನೆಯ ಹುಲ್ಲಿನ ಮೇಲೆ ಹೋಗಿ ನಿಂತೆ. ಆಕೆ ಒಂದು ಪೆಟ್ಟಿಗೆಯ ಮೇಲೆ ಕೂತಿದ್ದಳು. "ನಾನು ಬಚ್ಚಿಟ್ಟೆ. ಹುಡುಗಿ ಅಲ್ಲ. ನಾನು" ಅಂತ ನನ್ನ ಇಂಗ್ಲಿಷಿನಲ್ಲಿ ಹೇಳಿದೆ. ಐದೇ ಪದ, ವ್ಯಾಕರಣ ಹೇಗಿತ್ತೋ, ಅರ್ಥವಂತೂ ಆಯಿತು. ದೀಪದ ಕಂಬ ಹಿಡಿದಿದ್ದ ಹುಡುಗಿ ಅಲ್ಲೇ ನಿಂತಳು.

ಆಕೆ ತಟ್ಟೆ ಮುಟ್ಟಲಿಲ್ಲ. ಹುಡುಗಿಯ ಕಡೆ ತಿರುಗಿ ಏನೋ ಹೇಳಿದಳು. ಹುಡುಗಿ ನನ್ನ ಮುಖ ನೋಡದೆ, ನ್ಯೂಸ್ ಓದುವವರ ಹಾಗೆ ಕನ್ನಡ ಮಾಡಿದಳು.

"ಆವತ್ತು ನೀವು ಕಥೆ ತುಂಬಾ ಚೆನ್ನಾಗಿ ಹೇಳಿದಿರಂತೆ. ಭಾಷೆ ಗೊತ್ತಾಗದೇ ಇದ್ದರೂ ಕೇಳಬೇಕು ಅನ್ನಿಸ್ತಂತೆ. ಈಗ ಸರಿಯಾಗಿ ಹೇಳಿ ಅಂತಾರೆ. ಇಲ್ಲೇ."

ಹಗಲು ಹನ್ನೊಂದು ಗಂಟೆ, ಬೀದಿಯಲ್ಲಿ ನಾಯಿ ಹಿಡಿದುಕೊಂಡು ಓಡಾಡುವ ಜನ. ನಾನು ಹೇಳಿದೆ. ದನಿ ಏರಲಿಲ್ಲ, ಹಾಡು ಬರಲಿಲ್ಲ. ಗಾಡಿ ಕಾಯುತ್ತಿದ್ದವನು ಕುದುರೆಯಿಂದ ಬಿದ್ದ. ಹೊಲಕ್ಕೆ ಇಳಿಯದವನು ರೈತನಾದ. ಬಿಡುಗಡೆಯ ಸುದ್ದಿ ಕೇಳಿದವನು ಬಾಯಿ ಮುಚ್ಚಿಕೊಂಡು ಹತ್ತಿ ಬಿಡಿಸಿಕೊಂಡ. ಹುಡುಗಿ ಒಂದೊಂದೇ ವಾಕ್ಯ ಇಂಗ್ಲಿಷು ಮಾಡಿದಳು. ಕೊನೆಗೆ ಏಳು ಹೆಸರು ಹೇಳಬೇಕಾಯಿತು. ಆರು ನೆನಪಿದ್ದವು. ಏಳನೆಯದಕ್ಕೆ ತಡಕಾಡಿದೆ. ಆಕೆಯೇ ಹೇಳಿದಳು. ಅದು ನೀಲಿ ಬಟ್ಟೆಯವಳ ಹೆಸರು. ನನ್ನ ಬಾಯಲ್ಲಿ ಎರಡು ಸಲ ಹೇಳಿಸಿ, ಉಚ್ಚಾರ ತಿದ್ದಿ, ಮೂರನೇ ಸಲ ತಲೆ ಆಡಿಸಿದಳು.

ಆಮೇಲೆ ತಟ್ಟೆ ತೆಗೆದುಕೊಂಡಳು. ನೀಲಿ ಬಟ್ಟೆಯವಳನ್ನು ಎತ್ತಿ ತನ್ನ ಕೈಚೀಲದಲ್ಲಿ ಇಟ್ಟುಕೊಂಡು, ಉಳಿದ ಆರನ್ನು ಹುಡುಗಿಯ ಕೈಗೆ ಕೊಟ್ಟಳು. ನನಗೆ ಕ್ಷಮಿಸಿದೆ ಎನ್ನಲಿಲ್ಲ, ಕ್ಷಮಿಸುವುದಿಲ್ಲ ಎಂದೂ ಅನ್ನಲಿಲ್ಲ. ಟ್ರಕ್ಕು ಹೊರಡುವಾಗ ತಂಗಿಯನ್ನು ತಬ್ಬಿಕೊಂಡಳು. ನನ್ನ ಕಡೆ ಬರೀ ಕೈ ಎತ್ತಿದಳು, ಬಸ್ಸಿನ ಬಾಗಿಲು ಮುಚ್ಚುವ ಮುಂಚೆ ಸ್ಕೂಲು ಮಕ್ಕಳಿಗೆ ಎತ್ತುತ್ತಿದ್ದ ಹಾಗೆ.

ತಂಗಿ ಬೀದಿಯಲ್ಲೇ ಮಗಳ ಕೈ ಹಿಡಿದುಕೊಂಡು ಅತ್ತಳು. ಮಗಳು ಅಮ್ಮನ ಬೆನ್ನು ತಟ್ಟಿದಳು, ಪರವಾಗಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಆ ಮಾತು ನನ್ನ ಪಾಲಿಗೆ ಬರಲಿಲ್ಲ.

ಈ ನವರಾತ್ರಿಗೆ ಮತ್ತೆ ಹೋಗಿದ್ದೆ. ಕರೆದಿದ್ದು ತಂಗಿ. ಹುಡುಗಿ ಆರು ಗೊಂಬೆಗಳನ್ನು ಪಟ್ಟದ ಗೊಂಬೆಯ ಪಕ್ಕ, ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ ಕೂರಿಸಿದಳು. ಏಳನೆಯವಳ ಜಾಗ ಬಿಟ್ಟಿದ್ದಳು. ಸವಾರ ಕೆಳಗಿನ ಮೆಟ್ಟಿಲಿನಲ್ಲಿ, ಬಾತುಕೋಳಿಗಳ ಜತೆ. ನಾನು ಬೆಳ್ಳಿಯ ಭರಣಿ ತೆಗೆದುಕೊಂಡು ಹೋಗಿದ್ದೆ. ಅದನ್ನು ಸಂಘಕ್ಕೆ ವಾಪಸು ಕೊಡುತ್ತೇನೆ ಅಂದಾಗ ತಂಗಿ, "ಯಾಕೆ ಅಂತ ಬರೆದುಕೊಡಬೇಕಾಗುತ್ತೆ ಅಕ್ಕ" ಅಂದಳು. ಬರೆಯುತ್ತೇನೆ ಅಂದೆ. ಅದೇ ಇದು.

ಮೊದಲ ದಿನ ಜನ ಬರುವ ಮುಂಚೆ ಅಭ್ಯಾಸಬಲದಿಂದ ಮೆಟ್ಟಿಲಿನ ಪಕ್ಕ ನನ್ನ ಕುರ್ಚಿ ಎಳೆದುಕೊಂಡೆ. ಹುಡುಗಿ ಬಂದು ಕುರ್ಚಿಯ ಬೆನ್ನು ಹಿಡಿದಳು.

"ಕಥೆ ನಾನು ಹೇಳ್ತೀನಿ ದೊಡ್ಡಮ್ಮ" ಅಂದಳು. ಪೂರ್ತಿ ಕನ್ನಡದಲ್ಲಿ. "ನೀವು ಉಸಲಿ ಬಡಿಸಿ. ಅದನ್ನ ಚೆನ್ನಾಗಿ ಮಾಡ್ತೀರಿ."

ಬಡಿಸಿದೆ.